ಪಾರೆ ಪಾಳಲ್ಲ, ಮಳೆ ಸಾಕಾಗಲ್ಲ

ಮಳೆ ಶುರುವಾದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಾಲೇಜು ಮಕ್ಕಳು ಹಾರೆ, ಪಿಕಾಸಿ ಹಿಡಿದು ಶ್ರಮದಾನಕ್ಕೆ ಹೊರಡುವ ಕಾಲ. ಆ ಉತ್ಸಾಹ ದೊಡ್ಡದು. ಆದರೆ ಅದರ ಜೊತೆ ಅಂಟಿಕೊಂಡಿರುವ ಕೆಲವು ನಂಬಿಕೆಗಳಿಂದ ನೆಲಕ್ಕೂ ನಷ್ಟ, ದುಡಿದವರಿಗೂ ನಷ್ಟ.

ತಪ್ಪು ಕಲ್ಪನೆ: ಬೋಳು ಪಾರೆ, ಅಂದರೆ ಮುರಕಲ್ಲಿನ ಹಾಸು, ಪಾಳುಜಾಗ. ಗಿಡ ನೆಟ್ಟರೆ ಉದ್ಧಾರ.

ಸತ್ಯ: ಮಣಿಪಾಲ ನಿಂತಿರುವುದೇ ಮುರಕಲ್ಲಿನ ಗುಡ್ಡದ ಮೇಲೆ. ಬೇಸಗೆಯಲ್ಲಿ ಸುಟ್ಟಂತೆ ಕಾಣುವ ಪಾರೆ, ಮಳೆ ಬಿದ್ದ ಕೆಲವೇ ವಾರಗಳಲ್ಲಿ ಹುಲ್ಲು, ಸಣ್ಣ ಸಣ್ಣ ಹೂಗಳು, ಕೀಟ ಹಿಡಿದು ತಿನ್ನುವ ಪುಟ್ಟ ಗಿಡಗಳಿಂದ ತುಂಬುತ್ತದೆ. ನೀರು ನಿಂತ ಹೊಂಡಗಳಲ್ಲಿ ಕಪ್ಪೆಗಳು ಮೊಟ್ಟೆಯಿಡುತ್ತವೆ. ಮಣಿಪಾಲದ ಸುತ್ತಲಿನ ಇಂಥ ನೆಲದಲ್ಲಿ ಸಿಕ್ಕ, ಹೆಬ್ಬೆರಳಿನ ಉಗುರಿನಷ್ಟೇ ಇರುವ ಹೊಸ ಕಪ್ಪೆಯೊಂದನ್ನು ವಿಜ್ಞಾನಿಗಳು 2016ರಲ್ಲಿ ಜಗತ್ತಿಗೆ ಪರಿಚಯಿಸಿದರು. ಅದಕ್ಕೆ ‘ಮೈಕ್ರೋಹೈಲಾ ಲ್ಯಾಟರೈಟ್’ ಎಂದು ಮುರಕಲ್ಲಿನ ಹೆಸರನ್ನೇ ಇಟ್ಟರು. ಅಳಿಯುತ್ತಿರುವ ಈ ನೆಲದತ್ತ ಜನರ ಕಣ್ಣು ಹೊರಳಲಿ ಎಂಬುದೇ ಉದ್ದೇಶ. ಅಲ್ಲಿ ಗುಂಡಿ ತೋಡಿ ಅಕೇಶಿಯಾ ನೆಟ್ಟರೆ ನೆರಳೂ ತರಗೆಲೆಯೂ ಸೇರಿ ಆ ಬಿಸಿಲುಪ್ರಿಯ ಜೀವಗಳ ಜಾಗವನ್ನು ಮುಚ್ಚಿಬಿಡುತ್ತವೆ. ಪಾರೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದು, ಕಂಡ ಜೀವಿಗಳನ್ನು ದಾಖಲಿಸುವುದು, ಇವೇ ನಿಜವಾದ ಸೇವೆ.

ಕಾಪು ಕಡಲತೀರಕ್ಕೂ ಇದೇ ಮಾತು. ಕಸ ತೆಗೆಯುವಾಗ ಮರಳ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿಯನ್ನು ಕೀಳಬೇಡಿ. ಮರಳನ್ನು ಹಿಡಿದು ನಿಲ್ಲಿಸುವುದು ಅದೇ. ಕೀಳಲೇಬೇಕೆಂದರೆ ಗುಡ್ಡಬದಿಯಲ್ಲಿ ಕಮ್ಯುನಿಸ್ಟ್ ಗಿಡವೆಂಬ ಕಳೆಯಿದೆ. ಮಳೆ ನಿಂತು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲೇ ಬೇರುಸಹಿತ ಎತ್ತಬೇಕು. ಬೀಜ ಗಾಳಿಗೆ ಹಾರಿದ ಮೇಲೆ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ: ಓದುವವರಿಗೆ ಶ್ರಮದಾನವೆಂದರೆ ಸಮಯ ಹಾಳು.

ಸತ್ಯ: 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಕೇಳುವುದು ಎರಡು ವರ್ಷಕ್ಕೆ 240 ಗಂಟೆ, ಅಂದರೆ ವಾರಕ್ಕೆ ಎರಡೂವರೆ ಗಂಟೆಗೂ ಕಡಿಮೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಎಂದು ಹೇಳುವುದು ಹೆಚ್ಚಾಗಿ ಕಂಡುಬಂತು. ಒಂದೇ ದಿನ ಕಳೆದರೂ ಸರಿ, ಹಂಚಿ ಕಳೆದರೂ ಸರಿ.

ತಪ್ಪು ಕಲ್ಪನೆ: ಹಾಗಾದರೆ ಖಿನ್ನತೆಗೆ ಮಣ್ಣೇ ಮದ್ದು.

ಸತ್ಯ: ಅಲ್ಲ. ಆ ಅಧ್ಯಯನ ತೋರಿಸಿದ್ದು ಸಂಬಂಧವನ್ನು, ಚಿಕಿತ್ಸೆಯನ್ನಲ್ಲ. ಹಾಸ್ಟೆಲಿನ ಒಂಟಿತನಕ್ಕೆ ಜೊತೆಗೂಡಿ ಬೆವರು ಸುರಿಸುವುದು ಒಳ್ಳೆಯ ಆಸರೆ. ಆದರೆ ನಿದ್ದೆ, ಊಟ ತಪ್ಪಿ ಬದುಕೇ ಬೇಡವೆನಿಸುತ್ತಿರುವ ಗೆಳೆಯನನ್ನು ತೋಟಕ್ಕೆ ಕರೆದರೆ ಸಾಲದು. ವೈದ್ಯರ ಬಳಿ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ.

ತಪ್ಪು ಕಲ್ಪನೆ: ಮಣ್ಣಿನ ಕೆಲಸಕ್ಕೆ ಬೂಟು, ಕೈಗವಸು ಯಾಕೆ?

ಸತ್ಯ: ಮಳೆಗಾಲದಲ್ಲಿ ಕರಾವಳಿಯಲ್ಲಿ ಇಲಿಜ್ವರ ಬರುತ್ತದೆ. ನಿಂತ ನೀರು, ಕೆಸರಿನಿಂದ ಗಾಯದ ಮೂಲಕ ಸೋಂಕು ಒಳಹೋಗುತ್ತದೆ.

ತಪ್ಪು ಕಲ್ಪನೆ: ನಮ್ಮೂರ ಮಳೆಗೆ ಗಿಡ ತಾನಾಗಿಯೇ ಬದುಕುತ್ತದೆ.

ಸತ್ಯ: ಇಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಸುರಿದರೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಮುರಕಲ್ಲಿನ ಮಣ್ಣು ಬೇಸಗೆಯವರೆಗೆ ನೀರು ಹಿಡಿದಿಡುವುದಿಲ್ಲ. ಏಪ್ರಿಲ್, ಮೇಯಲ್ಲಿ ಎಳೆಯ ಗಿಡಕ್ಕೆ ನೀರು ಬೇಕಾದ ಹೊತ್ತಿಗೇ ಪರೀಕ್ಷೆ, ರಜೆ, ಖಾಲಿ ಹಾಸ್ಟೆಲು. ಆದ್ದರಿಂದ ಈ ಬಾರಿ ಗುಂಡಿ ತೋಡುವ ಮೊದಲೇ ಬೇಸಗೆಯಲ್ಲಿ ನೀರು ಹಾಕುವವರ ಹೆಸರು ಬರೆದಿಡಿ. ಊರಲ್ಲೇ ಇರುವ ಸಹಪಾಠಿಗಳನ್ನು, ನೆರೆಯ ಮನೆಯವರನ್ನು ಸೇರಿಸಿಕೊಳ್ಳಿ. ಹತ್ತೇ ಗಿಡಕ್ಕೆ ಜನ ಸಿಕ್ಕರೆ ಹತ್ತೇ ನೆಡಿ.