ಲೆಕ್ಕಕ್ಕೆ ಬಾರದ ರೋಗಿಗಳು

ರೋಗಾಣುವಿಗೆ ಜಾತಿಮತಗಳ ಭೇದವಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ರೋಗಿಯು ಮನೆಯಿಂದ ಹೊರಟು ವೈದ್ಯನನ್ನು ಸೇರುವ ಹಾದಿ ಎಲ್ಲರಿಗೂ ಒಂದೇ ತೆರನಾಗಿರುವುದಿಲ್ಲ. ಹಣದ ಅಭಾವ, ಆಸ್ಪತ್ರೆಯ ದೂರ, ಭಾಷೆಯ ತೊಡಕು, ಇವು ಎದ್ದು ಕಾಣುವ ಅಡ್ಡಿಗಳು. ಇವಲ್ಲದೆ ಹೊರಗಿನವರ ಕಣ್ಣಿಗೆ ಬೀಳದ ಬೇರೆ ಅಡ್ಡಿಗಳೂ ಉಂಟು. ಅವುಗಳನ್ನು ಕಂಡುಹಿಡಿಯುವ ಬಗೆ ಯಾವುದು? ಅಮೆರಿಕ ಸಂಯುಕ್ತ ಸಂಸ್ಥಾನದ ಮುಸ್ಲಿಂ ಸಮುದಾಯಗಳು ವೈದ್ಯರೊಡನೆ ಕೂಡಿ ನಡೆಸಿದ ಕೆಲವು ಸಂಶೋಧನೆಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಎಣಿಕೆಯ ತೊಡಕು

ಒಂದು ಜನವರ್ಗಕ್ಕೆ ತಕ್ಕ ಚಿಕಿತ್ಸೆ ದೊರೆಯುತ್ತಿದೆಯೇ ಎಂದು ಅರಿಯಬೇಕಾದರೆ ಮೊದಲು ಆ ವರ್ಗವನ್ನು ಎಣಿಸಬೇಕಷ್ಟೆ. ನಮ್ಮ ದೇಶದ ಜನಗಣತಿಯಲ್ಲಿ ಪ್ರತಿಯೊಬ್ಬರ ಧರ್ಮವನ್ನೂ ಬರೆದುಕೊಳ್ಳುವರು. ಅಮೆರಿಕದ ಜನಗಣತಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಧರ್ಮದ ವಿಚಾರದಲ್ಲಿ ಉತ್ತರ ಹೇಳಲೇಬೇಕೆಂದು ಯಾರನ್ನೂ ಬಲಾತ್ಕರಿಸಕೂಡದೆಂದು 1976ರ ಕಾನೂನು ವಿಧಿಸಿದೆ. ವ್ಯಕ್ತಿಸ್ವಾತಂತ್ರ್ಯದ ದೃಷ್ಟಿಯಿಂದ ಇದು ಮೆಚ್ಚತಕ್ಕ ನಿಯಮವೇ. ಆದರೆ ಸಂಶೋಧಕನಿಗೆ ಇದರಿಂದ ಒಂದು ತೊಡಕುಂಟು. ಅಲ್ಲಿನ ಸರ್ಕಾರಿ ಲೆಕ್ಕಗಳಲ್ಲಿ ಅರಬ್ ಮೂಲದವರನ್ನು ಬಹುಕಾಲ ಬಿಳಿಯರೊಡನೆ ಸೇರಿಸಿಯೇ ಎಣಿಸಿದರು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದ ಮೂಲದವರಿಗೆ ಪ್ರತ್ಯೇಕ ವರ್ಗವಿರಬೇಕೆಂಬ ನಿರ್ಣಯ ಹೊರಬಿದ್ದದ್ದು 2024ರ ಮಾರ್ಚ್ ತಿಂಗಳಿನಲ್ಲಿ. ದಕ್ಷಿಣ ಏಷ್ಯದಿಂದ ಹೋದ ಮುಸ್ಲಿಮರು ಏಷ್ಯನ್ನರ ಲೆಕ್ಕದಲ್ಲಿಯೂ, ಆಫ್ರಿಕ ಮೂಲದ ಮುಸ್ಲಿಮರು ಆಫ್ರಿಕನ್ ಅಮೆರಿಕನ್ನರ ಲೆಕ್ಕದಲ್ಲಿಯೂ ಬೆರೆತುಹೋಗುತ್ತಾರೆ.

ಇದರ ಪರಿಣಾಮವನ್ನು ಒಂದು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಒಂದು ಊರಿನಲ್ಲಿ 1000 ಮಹಿಳೆಯರಿದ್ದು, ಅವರಲ್ಲಿ 50 ಮಂದಿ ಒಂದು ಸಣ್ಣ ಪಂಗಡದವರೆಂದು ಭಾವಿಸೋಣ. ಉಳಿದ 950 ಮಂದಿಯಲ್ಲಿ 760 ಮಂದಿಯೂ, ಈ 50ರಲ್ಲಿ 20 ಮಂದಿಯೂ ಒಂದು ತಪಾಸಣೆ ಮಾಡಿಸಿಕೊಂಡರು. ಊರಿನ ಒಟ್ಟು ಲೆಕ್ಕ ನೂರಕ್ಕೆ 78. ಅಧಿಕಾರಿಗಳು ತೃಪ್ತರಾಗುವರು. ಆದರೆ ಸಣ್ಣ ಪಂಗಡದಲ್ಲಿ ನೂರಕ್ಕೆ 60 ಮಂದಿ ತಪಾಸಣೆಯಿಂದ ಹೊರಗುಳಿದದ್ದು ಆ ಅಂಕೆಯಲ್ಲಿ ಎಲ್ಲಿಯೂ ಕಾಣದು.

ಮಸೀದಿಯಲ್ಲಿ ವಿಚಾರಣೆ

ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರ ಮೋಟಾರು ಕೈಗಾರಿಕೆಗೆ ಹೆಸರಾದದ್ದು. ಅದರ ನೆರೆಯ ಡಿಯರ್‌ಬರ್ನ್‌ನಲ್ಲಿ, ಫೋರ್ಡ್ ಕಾರ್ಖಾನೆಯ ದುಡಿಮೆಯನ್ನರಸಿ ಬಂದ ಅರಬ್ಬರು ತಲೆಮಾರುಗಳಿಂದ ನೆಲಸಿದ್ದಾರೆ. ಈ ಪ್ರದೇಶದಲ್ಲಿ ಆಸಿಮ್ ಪಡೇಲ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಸ್ಥಳೀಯ ಮುಸ್ಲಿಂ ಸಂಘಗಳನ್ನು ಜೊತೆಗೂಡಿಸಿಕೊಂಡು ಒಂದು ವಿಚಾರಣೆ ನಡೆಸಿದರು. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಟ್ಟು 102 ಮಂದಿ 13 ಗುಂಪುಗಳಲ್ಲಿ ಮಸೀದಿಗಳಲ್ಲಿ ಸೇರಿ, ಆಸ್ಪತ್ರೆಗಳಲ್ಲಿ ತಮಗಾದ ಅನುಭವಗಳನ್ನು ಬಿಚ್ಚಿ ಹೇಳಿದರು. ಅವರಲ್ಲಿ ಅರಬ್ಬರು, ದಕ್ಷಿಣ ಏಷ್ಯದವರು, ಆಫ್ರಿಕನ್ ಅಮೆರಿಕನ್ನರು ಎಲ್ಲರೂ ಇದ್ದರು.

ಬೇರೆ ಬೇರೆ ಮೂಲದ ಈ ಜನರ ಮಾತಿನಲ್ಲಿ ಮೂರು ಬೇಡಿಕೆಗಳು ಮತ್ತೆ ಮತ್ತೆ ಕೇಳಿಬಂದುವು: ಮಹಿಳೆಗೆ ಮಹಿಳೆಯೂ ಪುರುಷನಿಗೆ ಪುರುಷನೂ ಶುಶ್ರೂಷೆ ಮಾಡುವುದು, ಹಲಾಲ್ ಆಹಾರ, ನಮಾಜು ಮಾಡಲು, ಯಾವ ಮತದ ಚಿಹ್ನೆಯೂ ಇಲ್ಲದ ಒಂದು ಸ್ಥಳ. ಇವು ಮೇಲುನೋಟಕ್ಕೆ ಸಣ್ಣವಾಗಿ ತೋರಬಹುದು. ಆದರೆ ಆಸ್ಪತ್ರೆಯ ಊಟವನ್ನು ಮುಟ್ಟದ ರೋಗಿಯು ಚೇತರಿಸಿಕೊಳ್ಳುವುದು ತಡವಾಗುತ್ತದೆ. ಪರಪುರುಷನ ಮುಂದೆ ಮೈ ತೋರಿಸಲು ಸಂಕೋಚಪಡುವವಳು ಪರೀಕ್ಷೆಯನ್ನು ಮುಂದೂಡುತ್ತಾಳೆ. ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ, ಗೊತ್ತುಪಡಿಸಿದ ದಿನಗಳಂದು ಸೊಮಾಲಿ ಮಹಿಳೆಯರು ಪರೀಕ್ಷೆಗೆ ಬಾರದಿದ್ದುದಕ್ಕೆ ಕಾರಣವನ್ನು ವಿಚಾರಿಸಿದಾಗ, ಬೆನ್ನ ಹಿಂದೆ ತೆರೆದುಕೊಳ್ಳುವ ಆಸ್ಪತ್ರೆಯ ನಿಲುವಂಗಿಯೇ ಅಡ್ಡಿಯೆಂದು ತಿಳಿದುಬಂದಿತು. 2004ರಲ್ಲಿ ಅಲ್ಲಿನ ಆಸ್ಪತ್ರೆಯೊಂದು ಮೈ ಮುಚ್ಚುವಂಥ ಹೊಸ ಉಡುಪನ್ನು ಹೊಲಿಸಿತು. ಅಡ್ಡಿ ಯಾವುದೆಂದು ತಿಳಿದ ಮೇಲೆ ಅದಕ್ಕೆ ಬೇಕಾದದ್ದು ಕೆಲವು ಗಜ ಬಟ್ಟೆ ಮಾತ್ರ!

ಒಂದು ನಂಬಿಕೆ, ಎರಡು ಫಲ

ಸ್ತನದ ಕ್ಯಾನ್ಸರನ್ನು ಗಂಟು ಕೈಗೆ ಸಿಗುವ ಮೊದಲೇ ಕ್ಷ-ಕಿರಣಗಳಿಂದ ಗುರುತಿಸುವ ವಿಧಾನಕ್ಕೆ ಮ್ಯಾಮೊಗ್ರಫಿ ಎಂದು ಹೆಸರು. 40ರಿಂದ 74 ವಯಸ್ಸಿನ ಮಹಿಳೆಯರು ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ತಜ್ಞಮಂಡಲಿ 2024ರಲ್ಲಿ ಸಲಹೆಮಾಡಿದೆ. ಅದಕ್ಕೂ ಮೊದಲು ಪಡೇಲ ಅವರ ತಂಡ ಷಿಕಾಗೊ ನಗರದ ಮುಸ್ಲಿಂ ಸಂಘಗಳ ಸಹಕಾರದಿಂದ, 40 ವರ್ಷ ದಾಟಿದ 240 ಮುಸ್ಲಿಂ ಮಹಿಳೆಯರನ್ನು ವಿಚಾರಿಸಿತ್ತು. ಅವರಲ್ಲಿ ನೂರಕ್ಕೆ 37 ಮಂದಿ ಹಿಂದಿನ ಎರಡು ವರ್ಷಗಳಲ್ಲಿ ಈ ಪರೀಕ್ಷೆಗೆ ಹೋಗಿರಲಿಲ್ಲ.

ಏತಕ್ಕೆ? ಗುಂಪು ಚರ್ಚೆಗಳಲ್ಲಿ ಒಂದು ಸ್ವಾರಸ್ಯವಾದ ಸಂಗತಿ ಹೊರಪಟ್ಟಿತು. ರೋಗವೂ ಆರೋಗ್ಯವೂ ದೇವರ ಕೈಯಲ್ಲಿವೆ. ಆದುದರಿಂದ ಪರೀಕ್ಷೆಯ ಅಗತ್ಯವಿಲ್ಲವೆಂದು ಕೆಲವರು ಭಾವಿಸುತ್ತಿದ್ದರು. ಶರೀರವು ದೇವರು ಒಪ್ಪಿಸಿದ ನಿಧಿ. ಅದನ್ನು ಕಾಪಾಡುವುದು ಕರ್ತವ್ಯ, ಆದುದರಿಂದ ಪರೀಕ್ಷೆಗೆ ಹೋಗಬೇಕೆಂದು ಬೇರೆ ಕೆಲವರು ಭಾವಿಸುತ್ತಿದ್ದರು. ಒಂದೇ ಮತಶ್ರದ್ಧೆಯು ಹೀಗೆ ಎರಡು ದಿಕ್ಕಿಗೂ ಒಯ್ಯಬಲ್ಲುದು. ಹೊರಗಿನಿಂದ ಬಂದವನು ಇದನ್ನು ‘ಮೂಢನಂಬಿಕೆ’ ಎಂದು ತಳ್ಳಿಬಿಟ್ಟಿದ್ದರೆ ಎರಡನೆಯ ದಾರಿ ಅವನಿಗೆ ಕಾಣುತ್ತಲೇ ಇರಲಿಲ್ಲ. ಮುಂದೆ ಮಸೀದಿಗಳಲ್ಲಿ, ಸಮುದಾಯದ ಮಹಿಳೆಯರೇ ಮುಂದಾಳುಗಳಾಗಿ, ಧರ್ಮದ ಮಾತಿನಲ್ಲಿಯೇ ಪರೀಕ್ಷೆಯ ಪ್ರಯೋಜನವನ್ನು ತಿಳಿಸುವ ತರಗತಿಗಳನ್ನು ನಡೆಸಿದರು. ಭಾಗವಹಿಸಿದವರಲ್ಲಿ ಕೆಲವರು ಬಳಿಕ ಪರೀಕ್ಷೆ ಮಾಡಿಸಿಕೊಂಡರು.

ಫಲಿತಾಂಶದ ಮಿತಿ

ಇಲ್ಲಿ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ಅಮೆರಿಕದ ಮುಸ್ಲಿಮರೆಲ್ಲರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಈ ಕಷ್ಟವುಂಟೆಂದು 102 ಮಂದಿಯ ಮಾತಿನಿಂದ ಹೇಳಲಾಗದು. ಮಸೀದಿಯಲ್ಲಿ ವಿಚಾರಿಸಿದರೆ ಮಸೀದಿಗೆ ಹೋಗದವರ ಅನುಭವ ಬಿಟ್ಟುಹೋಗುತ್ತದೆ. ಷಿಕಾಗೊ ತರಗತಿಗಳ ಅಧ್ಯಯನದಲ್ಲಿ, ಪಾಠ ಕೇಳದ ಮತ್ತೊಂದು ಗುಂಪಿನೊಡನೆ ಹೋಲಿಸಿ ನೋಡಲಿಲ್ಲ. ಆದುದರಿಂದ ಮಹಿಳೆಯರು ಪರೀಕ್ಷೆಗೆ ಹೋದದ್ದು ತರಗತಿಯಿಂದಲೇ ಎಂದು ಖಂಡಿತವಾಗಿ ನುಡಿಯುವಂತಿಲ್ಲ. ಇಂಥ ಅಧ್ಯಯನ ನಮಗೆ ಕೊಡುವುದು ಸರಿಯಾದ ಪ್ರಶ್ನೆಗಳನ್ನು. ಆ ಪ್ರಶ್ನೆಗಳನ್ನು ಹಿಡಿದು ದೊಡ್ಡ ಪ್ರಮಾಣದಲ್ಲಿ ಅಳೆಯುವ ಕೆಲಸ ಅನಂತರದ್ದು.

ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಅಪಾಯವುಂಟು. ಪ್ರಶ್ನಾವಳಿಯಲ್ಲಿ ನಿಲುವಂಗಿಯ ಮಾತೇ ಇಲ್ಲದಿದ್ದರೆ, ಸಾವಿರಾರು ಮಂದಿಯನ್ನು ವಿಚಾರಿಸಿದರೂ ನಿಲುವಂಗಿಯ ಅಡ್ಡಿ ಪತ್ತೆಯಾಗದು. ಆ ಮಾತನ್ನು ಸೇರಿಸಬೇಕೆಂದು ಬಲ್ಲವಳು ಆ ಅಡ್ಡಿಯನ್ನು ಅನುಭವಿಸಿದ ಮಹಿಳೆ. ಅವಳನ್ನು ಉತ್ತರ ಹೇಳುವವಳನ್ನಾಗಿ ಮಾತ್ರ ಕರೆಯದೆ, ಪ್ರಶ್ನೆ ರಚಿಸುವ ಮೇಜಿನ ಬಳಿಯೂ ಕೂರಿಸಬೇಕೆಂಬುದೇ ಈ ಸಂಶೋಧನಾ ಪದ್ಧತಿಯ ತಿರುಳು. ವೈದ್ಯಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಓದಹೊರಟಿರುವ ನಮ್ಮ ತರುಣರು ಒಂದು ಸರಾಸರಿಯನ್ನು ಕಂಡಾಗಲೆಲ್ಲ, ಅದರಲ್ಲಿ ಯಾರು ಸೇರಿದ್ದಾರೆ, ಯಾರು ಮರೆಯಾಗಿದ್ದಾರೆ ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳುವುದು ಒಳ್ಳೆಯದು.