ಮೂವತ್ತು ವೋಲ್ಟಿನ ವ್ಯಾಪಾರ

ಬೆಳಿಗ್ಗೆ ಹನ್ನೊಂದು ದಾಟಿತೆಂದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ಪೂರ್ತಿ ಹೆಸರು ಹೇಳಿದರೆ ಆಟೋದವರು ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡ್ ಎಂದರೆ ತಕ್ಷಣ ಮೀಟರಿನ ಮೇಲೆ ಎಷ್ಟು ಕೊಡುತ್ತೀರಿ ಎನ್ನುತ್ತಾರೆ. ಬಾಗಿಲಲ್ಲಿ ನಿಂತ ಹುಡುಗರು ‘ಲ್ಯಾಪ್‌ಟಾಪಾ ಸಾರ್, ಸಿಸಿಟಿವಿನಾ?’ ಎಂದು ಕೈಹಿಡಿದು ಎಳೆಯುವುದೊಂದು ಬಾಕಿ. ಎಲ್‌ಇಡಿ ಪಟ್ಟಿಗಳು ಹಗಲಲ್ಲೇ ಉರಿಯುತ್ತಿರುತ್ತವೆ. ರಟ್ಟಿನ ಪೆಟ್ಟಿಗೆ ಹೊತ್ತ ತಳ್ಳುಗಾಡಿ ‘ಸೈಡ್, ಸೈಡ್’ ಅನ್ನುತ್ತಲೇ ಮೊಣಕಾಲಿಗೆ ತಾಗಿ ಮುಂದೆ ಹೋಗುತ್ತದೆ.

ಈ ಗಲಾಟೆಯಲ್ಲಿ ಚೀಟಿ ಹಿಡಿದು ನಿಂತವರು ರಾಜಾಜಿನಗರದ ನನ್ನ ಹಿರಿಯ ಗೆಳೆಯರು. ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಸಿಎನ್‌ಸಿ ಯಂತ್ರ ಕಟ್ಟುತ್ತಿದ್ದಾರೆ: ಅಲ್ಯೂಮಿನಿಯಂ ಚೌಕಟ್ಟು, ಮೂರು ದಿಕ್ಕಿಗೆ ಮೂರು ಸ್ಟೆಪ್ಪರ್ ಮೋಟಾರು, ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ತೇಗದ ಹಲಗೆಯ ಮೇಲೆ ಅದೇ ಗೆರೆ ಕೊರೆಯುವ ಕಟರ್. ಕಾರು ಮಾತ್ರ ಬೀದಿಯಲ್ಲಿ ಬಿಸಿಲು ಕಾಯುತ್ತಿದೆ. ಮೋಟಾರು, ಸ್ಕ್ರೂ, ರೈಲು ಎಲ್ಲ ಪಾರ್ಸೆಲ್ಲಿನಲ್ಲಿ ಬಂದಾಯಿತು. ಉಳಿದದ್ದು ಮೋಟಾರುಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್.

ಮೊದಲ ಅಂಗಡಿಯವರು ಕೇಳಿಸಿಕೊಂಡವರೇ ತೂತುಗಳ ತಗಡಿನ ಡಬ್ಬಿಯೊಂದನ್ನು ಮುಂದಿಟ್ಟರು. ಎಸ್‌ಎಂಪಿಎಸ್. ಹಗುರ, ಅಗ್ಗ. ‘ಎಲ್ರೂ ಇದನ್ನೇ ಒಯ್ಯೋದು ಸಾರ್.’ ಸುಳ್ಳಲ್ಲ. ಹವ್ಯಾಸಿಗಳ ಯಂತ್ರಗಳಲ್ಲಿ ಬಹುಪಾಲು ಇದರ ಮೇಲೆಯೇ ಓಡುತ್ತಿವೆ, ಚೆನ್ನಾಗಿಯೇ ಓಡುತ್ತಿವೆ. ಗೆಳೆಯರ ಹಟ ಬೇರೆ. ವೇಗವಾಗಿ ಹೋಗುತ್ತಿರುವ ಭಾರದ ಗ್ಯಾಂಟ್ರಿಯನ್ನು ತಟ್ಟನೆ ತಡೆದಾಗ ಮೋಟಾರು ಅರೆಗಳಿಗೆ ಡೈನಮೋ ಆಗುತ್ತದೆ. ಆ ಶಕ್ತಿ ಹಿಂದಕ್ಕೆ ಸಪ್ಲೈ ಕಡೆಗೆ ನುಗ್ಗುತ್ತದೆ. ಕೆಲವು ಎಸ್‌ಎಂಪಿಎಸ್‌ಗಳು ವೋಲ್ಟೇಜ್ ಏರಿತೆಂದು ಆಗ ತಾವೇ ಆಫ್ ಆಗಿಬಿಡುತ್ತವೆ. ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ದಪ್ಪ ಕೆಪಾಸಿಟರ್ ಇಷ್ಟೇ ಇರುವ ಹಳೆಯ ಕಟ್ಟಿನಲ್ಲಿ ಅದನ್ನು ಕೆಪಾಸಿಟರ್ ನುಂಗಿಕೊಳ್ಳುತ್ತದೆ. ಕೆಟ್ಟರೆ ಬಿಚ್ಚಿ ನೋಡಬಹುದು ಎನ್ನುವುದು ಅವರ ಇನ್ನೊಂದು ವಾದ. ಟೂಲ್‌ರೂಮಿನವರಿಗೆ ಬಿಚ್ಚಲಾಗದ ವಸ್ತುವಿನ ಮೇಲೆ ನಂಬಿಕೆ ಹುಟ್ಟುವುದು ಕಷ್ಟ.

ರಸ್ತೆಯಿಂದ ಸಂದಿಗೆ ಇಳಿದರೆ ಗಾಳಿಯೇ ಬೇರೆ. ವಾರ್ನಿಶ್ ವಾಸನೆ, ಅದರ ಹಿಂದೆ ಬೆಸುಗೆಯ ಹೊಗೆ. ಹತ್ತಡಿ ಅಗಲದ ಮಳಿಗೆಯಲ್ಲಿ ವೈಂಡಿಂಗ್ ಮಾಡುವ ಯಜಮಾನರು ಕೂತಿದ್ದರು. ಬಲಗೈ ಕೈಯಂತ್ರದ ಹಿಡಿ ತಿರುವುತ್ತಿದೆ, ಎಡಗೈಯ ಎರಡು ಬೆರಳ ನಡುವೆ ತಾಮ್ರದ ತಂತಿ ಜಾರಿ ಬಾಬಿನ್ನಿನ ಮೇಲೆ ಒತ್ತೊತ್ತಾಗಿ ಕೂರುತ್ತಿದೆ, ಕೌಂಟರಿನ ಅಂಕಿ ಮಗುಚುತ್ತಿದೆ. ಒಂದು ಪದರ ಮುಗಿದರೆ ಒಂದು ಸುತ್ತು ಕಾಗದ, ಮತ್ತೆ ತಂತಿ. ಮೂಲೆಯಲ್ಲಿ ‘ಇ’ ಮತ್ತು ‘ಐ’ ಆಕಾರದ ಸಿಲಿಕಾನ್ ಉಕ್ಕಿನ ತಗಡುಗಳ ರಾಶಿ. ಇಲ್ಲಿ ಅದಕ್ಕೆ ಸ್ಟಾಂಪಿಂಗ್ ಎನ್ನುತ್ತಾರೆ, ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ.

‘ಆಂಪ್ಲಿಫೈಯರ್‌ಗಾ ಸಾರ್?’

‘ಅಲ್ಲ ಯಜಮಾನ್ರೇ, ಮೋಟಾರಿಗೆ. 35 ವೋಲ್ಟ್ ಬೇಕಿತ್ತು.’

35 ಎಂಬ ಅಂಕಿ ಎಲ್ಲಿಂದ ಬಂತೆಂದರೆ, ಹವ್ಯಾಸಿಗಳೆಲ್ಲ 48 ವೋಲ್ಟ್ ಡಿಸಿ ಎನ್ನುತ್ತಾರೆ. ಎಸಿಯನ್ನು ರೆಕ್ಟಿಫೈ ಮಾಡಿ ಕೆಪಾಸಿಟರ್ ತುಂಬಿದರೆ ಅದು ಅಲೆಯ ನೆತ್ತಿಗೆ, ಅಂದರೆ 1.414 ಪಟ್ಟಿಗೆ ಏರುತ್ತದೆ; ಡಯೋಡುಗಳ ಪಾಲು ಒಂದೂವರೆ ವೋಲ್ಟ್ ಕಳೆದರೆ 35ಕ್ಕೆ ಸರಿಯಾಗಿ 48. ಕಾಗದದ ಮೇಲೆ ತಪ್ಪಿಲ್ಲ.

ಯಜಮಾನರು ಹಿಡಿ ನಿಲ್ಲಿಸಿದರು. ‘ಮುಂದೆ ಏನಿದೆ? ಅದು ಎಷ್ಟು ತಡೀತದೆ?’

ಇಡೀ ವ್ಯವಹಾರದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಟ್ರಾನ್ಸ್‌ಫಾರ್ಮರ್ ಹುಡುಕುವವರು ವ್ಯಾಟಿನಿಂದ ಶುರುಮಾಡುತ್ತಾರೆ. ಶುರುಮಾಡಬೇಕಾದ್ದು ಮೋಟಾರನ್ನು ನಡೆಸುವ ಡ್ರೈವರ್ ಕಾರ್ಡಿನ ಮೇಲ್ಮಿತಿಯಿಂದ. ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಡಿಎಂ542 ಡ್ರೈವರಿಗೆ 50 ವೋಲ್ಟ್ ಗಡಿ. ಟಿಬಿ6600ಕ್ಕೆ ಇನ್ನೂ ಕಡಿಮೆ, 42. ಮೋಟಾರಿನ ಲೆಕ್ಕವೂ ಒಂದಿದೆ: ಮಿಲಿಹೆನ್ರಿಯಲ್ಲಿ ಅದರ ಇಂಡಕ್ಟೆನ್ಸ್ ತೆಗೆದುಕೊಂಡು ವರ್ಗಮೂಲವನ್ನು 32ರಿಂದ ಗುಣಿಸಿದರೆ ಅದು ಹೆಚ್ಚು ಕಾಯದೆ ಸಹಿಸುವ ವೋಲ್ಟೇಜ್. ಗೆಳೆಯರ ಮೋಟಾರುಗಳು ಎರಡೂವರೆ ಮಿಲಿಹೆನ್ರಿ; ಅದೂ 50ಕ್ಕೇ ಬಂದು ನಿಲ್ಲುತ್ತದೆ.

48ಕ್ಕೂ 50ಕ್ಕೂ ನಡುವೆ ಎರಡು ವೋಲ್ಟ್ ಇದೆಯಲ್ಲ ಎನಿಸಬಹುದು. ಆದರೆ ಗೋಡೆಯ ಪ್ಲಗ್ಗಿನಲ್ಲಿ 230 ಸದಾ 230 ಆಗಿರುವುದಿಲ್ಲ. ರಾತ್ರಿ ಬೀದಿಯವರ ದೀಪ, ಮಿಕ್ಸಿ, ಪಂಪುಗಳೆಲ್ಲ ಮಲಗಿದ ಮೇಲೆ 250 ತೋರಿಸುವ ಮನೆಗಳಿವೆ. ಮೋಟಾರು ಸುಮ್ಮನಿದ್ದಾಗ ಟ್ರಾನ್ಸ್‌ಫಾರ್ಮರ್ ತಾನಾಗಿ ಶೇಕಡಾ ಐದರಷ್ಟು ಹೆಚ್ಚು ಕೊಡುತ್ತದೆ. ಎರಡನ್ನೂ ಕೂಡಿಸಿದರೆ 35 ವೋಲ್ಟಿನ ಸುರುಳಿ ಡ್ರೈವರಿಗೆ 55ರ ಹತ್ತಿರ ಒಯ್ದು ಸುರಿಯುತ್ತದೆ. ಹಗಲು ಕೆಲಸ ಮಾಡಿದ ಕಾರ್ಡು ರಾತ್ರಿ ಸುಟ್ಟರೆ ಅದಕ್ಕೆ ಇದೇ ಕಾರಣವಿರಬಹುದು. 30 ಸುತ್ತಿಸಿದರೆ ಅದೇ ಕೆಟ್ಟ ರಾತ್ರಿಯಲ್ಲೂ 47 ದಾಟದು. ಕೆಲಸದ ಹೊತ್ತಿನಲ್ಲಿ 41ರ ಆಸುಪಾಸು ಇರುತ್ತದೆ. ವೇಗ ತುಸು ತಗ್ಗುತ್ತದೆ, ತಗ್ಗಲಿ.

ಚೀಟಿಯಲ್ಲಿ 35 ಹೊಡೆದು 30 ಬರೆದದ್ದಾಯಿತು. ‘ಪ್ರೈಮರೀಲಿ 250ಕ್ಕೂ ಒಂದು ತುದಿ ತೆಗೀತೀನಿ ಸಾರ್, ನಿಮ್ಮ ಏರಿಯಾ ನೋಡ್ಕೊಂಡು ಹಾಕ್ಕೊಳ್ಳಿ’ ಎಂದರು ಯಜಮಾನರು. ರೆಡಿಮೇಡ್ ಡಬ್ಬಿಯಲ್ಲಿ ಇಂಥ ಮಾತು ಸಿಗುವುದಿಲ್ಲ. ದರ್ಜಿಯ ಅಂಗಡಿಯ ಹಾಗೆ ಇಲ್ಲಿ ಅಳತೆ ಗಿರಾಕಿಯದು. 35 ಎಂದೇ ಪಟ್ಟು ಹಿಡಿದಿದ್ದರೆ ಅದನ್ನೇ ಅಂದವಾಗಿ ಸುತ್ತಿಕೊಡುತ್ತಿದ್ದರು.

ಆಮೇಲೆ ಆಂಪಿಯರ್. ಮೂರು ಮೋಟಾರು, ತಲಾ ಮೂರು. ಒಂಬತ್ತು ಪೂರ್ತಿ ಬೇಕಿಲ್ಲ, ಮೂರರಲ್ಲಿ ಎರಡು ಪಾಲು ಸಾಕೆಂಬುದು ರೂಢಿ: ಆರು. ಆದರೆ ಕೆಪಾಸಿಟರ್ ಕರೆಂಟನ್ನು ಸಮನಾಗಿ ಕುಡಿಯುವುದಿಲ್ಲ, ಅಲೆಯ ನೆತ್ತಿಯಲ್ಲಿ ಗುಟುಕು ಗುಟುಕಾಗಿ ಎಳೆಯುತ್ತದೆ. ಅದರಿಂದ ತಂತಿ ಕಾಯುವುದು ಹೆಚ್ಚು, ಆರು ಆಂಪಿಯರ್ ಡಿಸಿಗೆ ಸುರುಳಿಯನ್ನು ಹತ್ತು ಆಂಪಿಯರಿಗೆ ಸುತ್ತಬೇಕು. ಮೂವತ್ತು ಹತ್ತಲಿ 300 ವಿಎ. ಯಜಮಾನರು ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಹಾಕಿದರು: ಕೋರಿನ ನಡುಗಾಲು ಇಪ್ಪತ್ತು ಚದರ ಸೆಂಟಿಮೀಟರ್, ವೋಲ್ಟಿಗೆ ಎರಡೂಕಾಲು ಸುತ್ತು. ಪ್ರೈಮರಿ 518, 250ರ ತುದಿಗೆ 563. ಸೆಕೆಂಡರಿ 68, ಲೋಡಿನಲ್ಲಿ ಇಳಿಯುವುದನ್ನು ಸೇರಿಸಿ 71. ‘ಒಂದೇ ದಪ್ಪ ತಂತಿ ಬಗ್ಗಲ್ಲ, 16 ಗೇಜಲ್ಲಿ ಎರಡೆಳೆ ಹಾಕ್ತೀನಿ.’ ಕಾಲೇಜಿನ ಮೇಷ್ಟ್ರೊಬ್ಬರು ಇದಕ್ಕೆ ಎರಡು ಬೋರ್ಡು ತುಂಬಿಸುತ್ತಿದ್ದರು.

‘ತಾಮ್ರ ತಾನೇ?’ ಗೆಳೆಯರು ಕೇಳಿದ್ದು ಅನುಮಾನದಿಂದಲ್ಲ, ಅಭ್ಯಾಸದಿಂದ. ಅಲ್ಯೂಮಿನಿಯಂ ತಂತಿಗೂ ಅದೇ ಕೆಂಪು ಎನಾಮೆಲ್ ಬಳಿದಿರುತ್ತಾರೆ. ಬ್ಲೇಡಿನಿಂದ ತುದಿ ಕೆರೆದರೆ ಬಿಳಿ ಮಿಂಚು. ಯಜಮಾನರು ಮಾತಾಡದೆ ತುದಿ ಕೆರೆದು ತೋರಿಸಿದರು.

ಭಾನುವಾರದ ಗುಜರಿ ಸಂತೆಯ ದಾರಿಯೂ ಇದೆ, ರುಚಿ ಹತ್ತಿದವರಿಗೆ. ಹಳೆಯ ಇನ್ವರ್ಟರಿನ ಟ್ರಾನ್ಸ್‌ಫಾರ್ಮರ್ ಗಂಟೆಗಟ್ಟಲೆ ಓಡಲೆಂದೇ ಕಟ್ಟಿದ್ದು, ಗಟ್ಟಿ. ಕಂಪ್ಯೂಟರ್ ಯುಪಿಎಸ್‌ನದು ಕೆಲವು ನಿಮಿಷದ ಆಸಾಮಿ, ಇಡೀ ದಿನ ದುಡಿಸಿದರೆ ಹೊಗೆ. ಸ್ಟೆಬಿಲೈಸರಿನದನ್ನು ಮಾತ್ರ ಮುಟ್ಟಬಾರದು. ಅದು ಆಟೋಟ್ರಾನ್ಸ್‌ಫಾರ್ಮರ್, ಒಳಬರುವ ಸುರುಳಿಗೂ ಹೊರಹೋಗುವ ಸುರುಳಿಗೂ ಬೇಲಿಯೇ ಇಲ್ಲ, ಯಂತ್ರದ ಮೈ ಮುಟ್ಟಿದವರಿಗೆ ನೇರ 230 ತಗುಲಬಹುದು. ಮೈಕ್ರೋವೇವ್ ಓವನ್ನಿನದನ್ನು ಬಿಚ್ಚಿ ಸುತ್ತುವ ಧೀರರಿದ್ದಾರೆ. ಅದರ ಮೂಲ ಸೆಕೆಂಡರಿ ಎರಡು ಸಾವಿರ ವೋಲ್ಟಿನದು. ನಾನು ಶಿಫಾರಸು ಮಾಡುವುದಿಲ್ಲ.

ಬಳೆಯಾಕಾರದ ಟೊರಾಯ್ಡ್ ಸಿಗುತ್ತದೆಯೇ ಎಂದೂ ವಿಚಾರಿಸಿದ್ದೆವು. ಹಗುರ, ಗುಂಯ್‌ಗುಟ್ಟುವುದು ಕಡಿಮೆ. ಆದರೆ ಸ್ವಿಚ್ ಹಾಕಿದ ಗಳಿಗೆಯಲ್ಲಿ ಎಳೆಯುವ ಕರೆಂಟಿಗೆ ಮನೆಯ ಎಂಸಿಬಿ ಬಿದ್ದುಹೋಗುವುದುಂಟು. ನಡುವಿನ ಬೋಲ್ಟಿನ ಎರಡೂ ತುದಿ ಪೆಟ್ಟಿಗೆಯ ಲೋಹಕ್ಕೆ ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಎಲ್ಲ ಮುಗಿಯುತ್ತದೆ.

ವಾರ್ನಿಶ್ ಒಣಗಲು ಒಂದು ರಾತ್ರಿ. ಮರುದಿನ ಹೋದಾಗ ಕಪ್ಪಗೆ ಹೊಳೆಯುತ್ತ ಕೂತಿತ್ತು. ಯಜಮಾನರು ಸೀರೀಸ್ ಲ್ಯಾಂಪ್ ತಗುಲಿಸಿದರು: ಒಳಗೆ ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ. ಇಲ್ಲಿ ಬಲ್ಬಿನೊಳಗಿನ ತಂತಿ ಮಾತ್ರ ಮಂಕಾಗಿ ಕೆಂಪಾಯಿತು. ನೇರ ಕೊಟ್ಟು ಮೀಟರ್ ಹಿಡಿದರು, ಮೂವತ್ತೊಂದೂವರೆ. ‘ಫ್ಯೂಸ್ ಹಾಕಿ. ಬಾಡಿಗೆ ಅರ್ತ್ ಕೊಡಿ. ಕೆಪಾಸಿಟರ್ 63 ವೋಲ್ಟಿಂದು ತಗೊಳ್ಳಿ, ಅಡ್ಡಕ್ಕೆ ಒಂದು ರೆಸಿಸ್ಟೆನ್ಸ್ ಇರಲಿ, ಆಫ್ ಮಾಡಿದ್ಮೇಲೂ ಹೊಡೀತದೆ ಅದು.’ 12,000 ಮೈಕ್ರೋಫ್ಯಾರಡ್ಡಿನ ಮೇಲಿರಲಿ ಎಂಬುದನ್ನು ಗೆಳೆಯರು ಆಗಲೇ ಬರೆದುಕೊಂಡಿದ್ದರು.

ನಾಲ್ಕೈದು ಕಿಲೋದ ಗಡ್ಡೆಯನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಚಿಕ್ಕಪೇಟೆ ಮೆಟ್ರೋ ನಿಲ್ದಾಣಕ್ಕೆ ಇಳಿದೆವು. ಸ್ಕ್ಯಾನರಿನ ಪರದೆಯಲ್ಲಿ ಕಪ್ಪು ಚೌಕ, ಅದರಿಂದ ಹೊರಟ ಐದು ತಂತಿ. ಬೆಲ್ಟ್ ನಿಂತಿತು.

‘ಏನ್ ಸಾರ್ ಇದು?’

‘ಟ್ರಾನ್ಸ್‌ಫಾರ್ಮರ್ ಕಣಪ್ಪ.’

‘ಅದು ಕಂಬದ ಮೇಲಿರೋದಲ್ವಾ?’ ಎಂದ ಗಾರ್ಡ್ ಹುಡುಗ, ಚೀಲ ಬಿಚ್ಚಲು ಹೇಳಿ ಮೇಲಿನವರನ್ನು ಕರೆದ. ಮೇಲಿನವರು ಬಂದು ಎತ್ತಿ ನೋಡಿ, ಸುತ್ತಿಸಿದ್ದು ಎಲ್ಲಿ, ಎಷ್ಟಾಯಿತು ಎಂದು ವಿಚಾರಿಸಿದರು. ಅವರ ಮನೆಯಲ್ಲೂ ಒಂದು ಹಳೆಯ ಆಂಪ್ಲಿಫೈಯರ್ ಕೆಟ್ಟು ಕೂತಿತ್ತಂತೆ.