ಹಳೆಯ ಉಪಕರಣ, ಹೊಸ ಕಂಪ್ಯೂಟರ್: ವಿಸ್ತರಣಾ ಕಾರ್ಡ್ ಕೊಳ್ಳುವ ಮುನ್ನ

ವ್ಯಾಪಾರ ಸಂಸ್ಥೆಗಳಲ್ಲಿ ಕಂಪ್ಯೂಟರ್ ಬದಲಾಗುವಷ್ಟು ಶೀಘ್ರವಾಗಿ ಅದಕ್ಕೆ ಜೋಡಿಸಿದ ಉಪಕರಣಗಳು ಬದಲಾಗುವುದಿಲ್ಲ. ಬಿಲ್ಲು ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಲಾರಿ ತೂಗುವ ವೇಬ್ರಿಡ್ಜ್ ಮುಂತಾದವು ಹಲವು ವರ್ಷ ದುಡಿಯುತ್ತವೆ. ಇಂತಹ ಹಳೆಯ ಉಪಕರಣಗಳಿಗೆ ಸಾಮಾನ್ಯವಾಗಿ ಸೀರಿಯಲ್ ಅಥವಾ ಪ್ಯಾರಲಲ್ ಪೋರ್ಟ್ ಅಗತ್ಯ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಇವು ಕಾಣಸಿಗುವುದು ವಿರಳ. ಈ ಒಂದೇ ಕಾರಣಕ್ಕೆ ಸುಸ್ಥಿತಿಯಲ್ಲಿರುವ ಉಪಕರಣವನ್ನು ಗುಜರಿಗೆ ಹಾಕಬೇಕಾಗಿಲ್ಲ. ಸೂಕ್ತ ಕಾರ್ಡ್ ಅಥವಾ ಅಡಾಪ್ಟರ್ ಸಾಕಾಗಬಹುದು.

ಡೆಸ್ಕ್‌ಟಾಪ್‌ನಲ್ಲಿ: ಮದರ್‌ಬೋರ್ಡಿನ ಮೇಲಿರುವ ಸ್ಲಾಟ್‌ಗಳಿಗೆ ಕಾರ್ಡ್ ಸೇರಿಸಿ ಹೊಸ ಪೋರ್ಟ್ ಪಡೆಯಬಹುದು. 1992ರಲ್ಲಿ ಬಂದ ಪಿಸಿಐ ಸ್ಲಾಟಿನ ಸ್ಥಾನವನ್ನು ನಂತರ ಪಿಸಿಐ ಎಕ್ಸ್‌ಪ್ರೆಸ್ ಆಕ್ರಮಿಸಿತು. ಹೆಸರಿನಲ್ಲಿ ಸಾಮ್ಯವಿದ್ದರೂ ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ. ಆದರೆ ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಎಕ್ಸ್1 ಕಾರ್ಡನ್ನು ಉದ್ದನೆಯ ಎಕ್ಸ್16 ಸ್ಲಾಟಿಗೂ ಹಾಕಬಹುದು. ಕ್ಯಾಬಿನೆಟ್ ಕಿರಿದಾಗಿದ್ದಲ್ಲಿ ಕಡಿಮೆ ಎತ್ತರದ ಕಾರ್ಡನ್ನೇ ಕೇಳಿ ಪಡೆಯತಕ್ಕದ್ದು.

ಲ್ಯಾಪ್‌ಟಾಪ್‌ನಲ್ಲಿ: ಹಿಂದೆ 54 ಮಿ.ಮೀ. ಅಗಲದ ಪಿಸಿ ಕಾರ್ಡ್ ಸ್ಲಾಟ್ ಇರುತ್ತಿತ್ತು. 2003ರಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಬಂದಿತು. ಅದರ ಅಗಲ 34 ಅಥವಾ 54 ಮಿ.ಮೀ. ಅಗಲ ಒಂದೇ ಆದರೂ ಇವೆರಡೂ ಪರಸ್ಪರ ಹೊಂದುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸ್ಲಾಟ್‌ಗಳಿಲ್ಲದ ಕಾರಣ ಯುಎಸ್‌ಬಿ ಅಡಾಪ್ಟರೇ ಸಾಮಾನ್ಯ ಮಾರ್ಗ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯುಎಸ್‌ಬಿಯಿಂದ ಸೀರಿಯಲ್‌ಗೆ ಪರಿವರ್ತಿಸುವ ಅಡಾಪ್ಟರ್ ತೂಕದ ಯಂತ್ರಗಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಪರಿವರ್ತಿಸುವುದಾದರೋ ಸಾಮಾನ್ಯವಾಗಿ ಪ್ರಿಂಟರಿಗೆ ಮಾತ್ರ ಉಪಯುಕ್ತ. ಪ್ಯಾರಲಲ್ ಪೋರ್ಟಿಗೆ ಹಾಕುವ ಹಳೆಯ ಸಾಫ್ಟ್‌ವೇರ್ ಲಾಕ್‌ಗಳನ್ನು ಅದು ಪ್ರಾಯಶಃ ಗುರುತಿಸದು. ಅಂತಹ ಸಂದರ್ಭದಲ್ಲಿ ಪ್ಯಾರಲಲ್ ಪೋರ್ಟ್ ಇರುವ ಡೆಸ್ಕ್‌ಟಾಪನ್ನೇ ಉಳಿಸಿಕೊಳ್ಳುವುದು ಕ್ಷೇಮ. ಕಂಪ್ಯೂಟರಿನ ವಿಂಡೋಸ್ ಆವೃತ್ತಿಗೆ ತಕ್ಕ ಡ್ರೈವರ್ ದೊರೆಯುವುದೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಲೆಕ್ಕಪತ್ರದ ದೃಷ್ಟಿಯಿಂದ: ಕೆಟ್ಟುಹೋದ ಕಾರ್ಡಿಗೆ ಬದಲಾಗಿ ಅಂತಹುದನ್ನೇ ಹಾಕಿಸಿದರೆ ಅದು ದುರಸ್ತಿ ವೆಚ್ಚ. ಹೊಸ ಕಂಪ್ಯೂಟರಿನೊಡನೆ ಖರೀದಿಸಿ ಅಳವಡಿಸಿದ ಕಾರ್ಡ್ ಆ ಸ್ವತ್ತಿನ ಮೌಲ್ಯಕ್ಕೆ ಸೇರುತ್ತದೆ. ಕಂಪ್ಯೂಟರಿಗೆ ಆದಾಯ ತೆರಿಗೆಯಲ್ಲಿ ಶೇ. 60 ಇದ್ದ ಸವಕಳಿ ದರವನ್ನು 2017-18ನೇ ಹಣಕಾಸು ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು. ಖರೀದಿಯಲ್ಲಿ ತೆತ್ತ ಜಿಎಸ್‌ಟಿಯನ್ನು ಸ್ವತ್ತಿನ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ಪಡೆದವರಿಗೆ ಅದೇ ಮೊತ್ತದ ಹೂಡುವಳಿ ತೆರಿಗೆ ಜಮೆ ದೊರೆಯದು.

ಆದುದರಿಂದ ಹೊಸ ಕಂಪ್ಯೂಟರಿಗೆ ಆದೇಶ ನೀಡುವ ಮುನ್ನ ಸಂಸ್ಥೆಯ ಪ್ರತಿಯೊಂದು ಉಪಕರಣಕ್ಕೆ ಯಾವ ಪೋರ್ಟ್ ಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಿ ಮಾರಾಟಗಾರರಿಗೆ ಕೊಡುವುದು ಲೇಸು. ಬಿಲ್ಲಿನಲ್ಲಿ ಕಾರ್ಡಿನ ವಿಧವನ್ನು ಸ್ಪಷ್ಟವಾಗಿ ನಮೂದಿಸಿಕೊಂಡಲ್ಲಿ, ಅದು ಹೊಂದದಿದ್ದಾಗ ಹಿಂದಿರುಗಿಸಲು ಆಧಾರ ಇರುತ್ತದೆ.